ಕೆರೆ ಈಜು ಬಂದರೆ ಕಡಲೂ ಬಂದಂತಲ್ಲ: ನೇತ್ರಾಣಿಗೆ ಹೊರಡುವ ಮುನ್ನ ತಿಳಿದಿರಲಿ

ಕಡೂರು: ಬಿ.ಎಚ್. ರಸ್ತೆ ಎಂದರೆ ಕಡೂರು, ಬೀರೂರು, ತರೀಕೆರೆಯವರಿಗೆ ಅಂಗಡಿ ಸಾಲು, ಬಸ್ ಸ್ಟ್ಯಾಂಡು, ಟ್ರಾಫಿಕ್ಕು. ಆ 'ಎಚ್' ಅಂದ್ರೆ ಹೊನ್ನಾವರ ಅನ್ನೋದು ಎಷ್ಟೋ ಜನರಿಗೆ ಮರೆತೇ ಹೋಗಿದೆ. ಇದೇ ರಸ್ತೆ ಹಿಡಿದು ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪದ ಘಾಟಿ ಇಳಿದರೆ ಹೊನ್ನಾವರ. ಅಲ್ಲಿಂದ ಭಟ್ಕಳದ ಕಡೆ ಇಪ್ಪತ್ತೈದು-ಮೂವತ್ತು ಕಿ.ಮೀ. ಹೋದರೆ ಮುರುಡೇಶ್ವರ. ದೊಡ್ಡ ಶಿವನ ವಿಗ್ರಹ ನೋಡಿ, ದರ್ಶನ ಮುಗಿಸಿ ವಾಪಸ್ ಬರುವುದು ಇಷ್ಟು ದಿನದ ವಾಡಿಕೆ. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯುವುದು.

ಮುರುಡೇಶ್ವರದಿಂದ ಅರಬ್ಬಿ ಸಮುದ್ರದೊಳಗೆ ಸುಮಾರು 19 ಕಿ.ಮೀ. ದೂರದಲ್ಲಿದೆ ಈ ದ್ವೀಪ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ ದಾರಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆ. ಪುನೀತ್ ರಾಜ್‌ಕುಮಾರ್ ಇಲ್ಲಿ ನೀರಿಗಿಳಿದ ದೃಶ್ಯ 2022ರ ಅಕ್ಟೋಬರ್ 28ರಂದು ತೆರೆಕಂಡ 'ಗಂಧದ ಗುಡಿ'ಯಲ್ಲಿದೆ. ಅದನ್ನು ನೋಡಿದ ಮೇಲೆ "ನಾವೂ ಒಂದ್ಸಲ ಹೋಗ್ಬೇಕು" ಎಂದುಕೊಂಡ ಹುಡುಗರು ಈ ಊರುಗಳಲ್ಲೂ ಕಡಿಮೆ ಇಲ್ಲ.

ಹೋಗುವುದು ತಪ್ಪಲ್ಲ. ಆದರೆ ಹೊರಡುವಾಗ ಕೇಳಿಬರುವ ಮಾತು ಒಂದೇ: "ಮದಗದ ಕೆರೇಲಿ ಈಜಿದೋರಿಗೆ ಸಮುದ್ರ ಏನ್ ಮಹಾ?" ತೊಂದರೆ ಇರುವುದೇ ಈ ಧೈರ್ಯದಲ್ಲಿ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲೇ ನೀರುಪಾಲಾದರು. ಅವರು ಆಳಕ್ಕೆ ಧುಮುಕಿದವರಲ್ಲ, ದಡದ ಅಲೆಯಲ್ಲಿ ಆಡುತ್ತಿದ್ದವರು. ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ. ಕಡಲಿನ ನೀರು ದಡಕ್ಕೆ ಬಂದಷ್ಟೇ ಜೋರಾಗಿ ಹಿಂದಕ್ಕೂ ಎಳೆಯುತ್ತದೆ. ಹಾಗೆ ಎಳೆದಾಗ ದಡದ ಕಡೆಗೇ ಮುಖ ಮಾಡಿ ಕೈಕಾಲು ಬಡಿದರೆ ಸುಸ್ತಾಗುವುದು ಈಜುವವನೇ. ಅಂಥ ಸೆಳೆತಕ್ಕೆ ಸಿಕ್ಕರೆ ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಬೇಕು. ಈಜು ಬಾರದವರು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯದಿರುವುದೇ ಲೇಸು.

ಮೂರು ಹೆಸರು, ಮೂರು ಕೆಲಸ

ನೇತ್ರಾಣಿಗೆ ಹೋಗಿ ಬಂದವರು ಎಲ್ಲವನ್ನೂ 'ಸ್ಕೂಬಾ' ಅಂದುಬಿಡುತ್ತಾರೆ. ಅಸಲಿಗೆ ಅಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ.

ಸ್ನಾರ್ಕ್ಲಿಂಗ್ ಎಂದರೆ ನೀರಿನ ಮೇಲೆಯೇ ಬೋರಲಾಗಿ ತೇಲುತ್ತಾ, ಮುಖಕ್ಕೆ ಗಾಜಿನ ಮಾಸ್ಕ್ ಹಾಕಿಕೊಂಡು, ಬಾಯಲ್ಲೊಂದು ಕೊಳವೆ ಕಚ್ಚಿಕೊಂಡು ಕೆಳಗಿನ ಲೋಕ ನೋಡುವುದು. ಲೈಫ್ ಜಾಕೆಟ್ ಮೈಮೇಲಿರುತ್ತದೆ. ಈಜು ಅಷ್ಟಾಗಿ ಬಾರದವರೂ ಗೈಡ್ ಕೈ ಹಿಡಿದು ಮಾಡಬಹುದು. ಹಳ್ಳಿ ಹುಡುಗರು ಪರಂಗಿ ಎಲೆಯ ದಂಟನ್ನು ಬಾಯಿಗಿಟ್ಟು ನೀರೊಳಗೆ ಕೂರುವ ಆಟವೂ ಇದೇ ಸೂತ್ರದ್ದು. ಆದರೆ ಸ್ನಾರ್ಕೆಲ್ ಕೊಳವೆ ಒಂದಡಿ ಚಿಲ್ಲರೆಗಿಂತ ಉದ್ದ ಇರುವುದಿಲ್ಲ. ಉದ್ದನೆಯ ಪೈಪ್ ಹಾಕಿಕೊಂಡು ಆಳಕ್ಕೆ ಹೋದರಾಯ್ತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ. ಮೂರು-ನಾಲ್ಕು ಅಡಿ ಕೆಳಗೇ ನೀರು ಎದೆಯನ್ನು ಎಷ್ಟು ಒತ್ತುತ್ತದೆ ಎಂದರೆ ಮೇಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳಲು ಪಕ್ಕೆಲುಬಿಗೆ ಶಕ್ತಿ ಸಾಲದು. ಅದಲ್ಲದೆ ಬಿಟ್ಟ ಉಸಿರು ಪೈಪಿನಲ್ಲೇ ಉಳಿದು ಮತ್ತೆ ಅದನ್ನೇ ಎಳೆದುಕೊಳ್ಳಬೇಕಾಗುತ್ತದೆ.

ಸ್ಕೂಬಾದಲ್ಲಿ ಬೆನ್ನಿಗೆ ಸಿಲಿಂಡರ್ ಇರುತ್ತದೆ. ಅದರೊಳಗೆ ಇರುವುದು ಆಕ್ಸಿಜನ್ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಎಷ್ಟು ಆಳಕ್ಕೆ ಹೋದರೆ ಅಷ್ಟು ಒತ್ತಡದಲ್ಲಿ ಗಾಳಿ ಕೊಡುವುದು ಬಾಯಲ್ಲಿರುವ ಸಾಧನದ ಕೆಲಸ. ಮೊದಲ ಸಲ ಹೋಗುವವರನ್ನು ತರಬೇತಾದ ಡೈವರ್ ಹಿಡಿದುಕೊಂಡೇ ಇಳಿಸುತ್ತಾರೆ. ಇಂಥ ಪರಿಚಯದ ಡೈವ್‌ಗೆ ಅಂತಾರಾಷ್ಟ್ರೀಯವಾಗಿ ಇರುವ ಮಿತಿ 12 ಮೀಟರ್, ಅಂದರೆ ನಲವತ್ತು ಅಡಿಯಷ್ಟು. ಕನಿಷ್ಠ ವಯಸ್ಸು 10.

ಮೂರನೆಯದು ಫ್ರೀಡೈವಿಂಗ್. ಸಿಲಿಂಡರ್ ಇಲ್ಲ, ಕೊಳವೆ ಇಲ್ಲ. ಒಂದೇ ಉಸಿರು ಕಟ್ಟಿ ಕೆಳಗಿಳಿದು ಮೇಲೆ ಬರುವುದು. ಹೆಸರು ಹೊಸದು, ಕೆಲಸ ಹಳೆಯದು. ಮನ್ನಾರ್ ಕೊಲ್ಲಿಯಲ್ಲಿ ಮುತ್ತು ತೆಗೆಯುತ್ತಿದ್ದವರು ಹೀಗೇ ಮುಳುಗುತ್ತಿದ್ದರು. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಅರವತ್ತು-ಎಪ್ಪತ್ತು ದಾಟಿದ ಅಜ್ಜಿಯರು ಇವತ್ತಿಗೂ ಉಸಿರು ಕಟ್ಟಿ ಮುಳುಗಿ ಚಿಪ್ಪು, ಕಡಲಪಾಚಿ ತಂದು ಸಂಸಾರ ನಡೆಸುತ್ತಾರೆ. ಯುನೆಸ್ಕೋ 2016ರಲ್ಲಿ ಅವರ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಸ್ಪರ್ಧೆಯ ಲೋಕದಲ್ಲಿ ಒಂದೇ ಉಸಿರಿನಲ್ಲಿ 130 ಮೀಟರ್‌ಗಿಂತ ಆಳ ಮುಟ್ಟಿ ಬಂದವರಿದ್ದಾರೆ. ಮುರುಡೇಶ್ವರದಲ್ಲಿ ಪ್ರವಾಸಿಗರಿಗೆ ಸಿಗುವುದು ಹೆಚ್ಚಾಗಿ ಮೊದಲಿನ ಎರಡು. ಆದರೆ ಸ್ನಾರ್ಕ್ಲಿಂಗ್‌ಗೆ ಹೋದವರು ಲೈಫ್ ಜಾಕೆಟ್ ಬಿಚ್ಚಿ "ಒಂದು ಮುಳುಗು ಹಾಕಿ ಬರ್ತೀನಿ" ಅಂದಾಗ ಅವರು ಮಾಡುತ್ತಿರುವುದು ಫ್ರೀಡೈವಿಂಗೇ, ತರಬೇತಿ ಇಲ್ಲದೆ.

ಬಾವಿಯ ಲೆಕ್ಕ

ಹಳೆಯ ತೆರೆದ ಬಾವಿಯಲ್ಲಿ ತಳ ಮುಟ್ಟಿ ಮಣ್ಣು ತಂದು ತೋರಿಸುತ್ತಿದ್ದವರಿಗೆ ಕಿವಿ ನೋವಿನ ಅನುಭವ ಇದ್ದೇ ಇರುತ್ತದೆ. ಕಾರಣ ನೀರಿನ ಒತ್ತಡ. ಪ್ರತಿ 10 ಮೀಟರ್, ಅಂದರೆ 33 ಅಡಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಗಾಳಿ ತುಂಬಿದ ಬಲೂನನ್ನು 33 ಅಡಿಗೆ ಒಯ್ದರೆ ಅರ್ಧವಾಗುತ್ತದೆ, 66 ಅಡಿಗೆ ಮೂರನೇ ಒಂದು ಭಾಗ. ಕಿವಿಯ ತಮಟೆಯ ಹಿಂದಿರುವ ಗಾಳಿಯ ಕಥೆಯೂ ಅದೇ. ಅದು ಕುಗ್ಗಿದಾಗ ತಮಟೆ ಒಳಕ್ಕೆ ಎಳೆಯುತ್ತದೆ, ಏಳೆಂಟು ಅಡಿಗೇ ನೋವು ಶುರು.

ಉಪಾಯ ಸುಲಭ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಿದರೆ ಕಿವಿ 'ಟಪ್' ಎಂದು ಬಿಡುತ್ತದೆ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ಮಾಡುವಂತೆಯೇ. ಇದನ್ನು ನೋವು ಬರುವ ಮೊದಲೇ, ಎರಡು-ಮೂರು ಅಡಿಗೊಮ್ಮೆ ಮಾಡಬೇಕು. ಬಿಡದಿದ್ದರೆ ಸ್ವಲ್ಪ ಮೇಲೆ ಬರಬೇಕು. ಜೋರಾಗಿ ಒತ್ತಿದರೆ ತಮಟೆ ಹರಿದೀತು. ನೆಗಡಿ, ಸೈನಸ್ ಇದ್ದ ದಿನ ಮುಳುಗುವುದು ಬೇಡವೇ ಬೇಡ. ದುಡ್ಡು ಕಟ್ಟಿಯಾಗಿದೆ ಎಂಬ ಕಾರಣಕ್ಕೆ ನೆಗಡಿ ಮುಚ್ಚಿಟ್ಟು ಇಳಿಯುವವರು ಬಹಳ. ದುಡ್ಡಿಗಿಂತ ಕಿವಿ ದುಬಾರಿ.

ಉಸಿರು ಕಟ್ಟುವ ಪಂದ್ಯ

ಮುಖ್ಯವಾದ ವಿಷಯ ಇದು. ನೇತ್ರಾಣಿಗೆ ಹೋಗದವರಿಗೂ, ಬೇಸಿಗೆ ರಜೆಯಲ್ಲಿ ಕೆರೆ-ಬಾವಿ-ಚೆಕ್ ಡ್ಯಾಮಿಗೆ ಮಕ್ಕಳನ್ನು ಕಳಿಸುವ ಎಲ್ಲ ಮನೆಗಳಿಗೂ ಸಂಬಂಧಪಟ್ಟದ್ದು.

"ಯಾರು ಜಾಸ್ತಿ ಹೊತ್ತು ಮುಳುಗಿರ್ತೀರೋ ನೋಡೋಣ" ಎಂಬ ಪಂದ್ಯ ಎಲ್ಲ ಊರಲ್ಲೂ ಇದೆ. ಗೆಲ್ಲಲು ಹುಡುಗರು ಮಾಡುವ ಉಪಾಯವೂ ಒಂದೇ: ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರು ಜೋರಾಗಿ ಉಸಿರು ಎಳೆದು ಬಿಡುವುದು. ಹಾಗೆ ಮಾಡಿದರೆ ಮೈಯಲ್ಲಿ ಆಕ್ಸಿಜನ್ ಹೆಚ್ಚಾಗುತ್ತದೆ ಎಂಬ ನಂಬಿಕೆ. ಅದು ತಪ್ಪು. ರಕ್ತದಲ್ಲಿ ಆಕ್ಸಿಜನ್ ಮೊದಲೇ ಹೆಚ್ಚುಕಡಿಮೆ ಭರ್ತಿ ಇರುತ್ತದೆ. ಜೋರು ಉಸಿರಾಟದಿಂದ ಆಗುವುದು ಏನೆಂದರೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. "ಉಸಿರಾಡು, ಉಸಿರಾಡು" ಎಂದು ಮೆದುಳಿಗೆ ಗಂಟೆ ಬಾರಿಸುವುದು ಆಕ್ಸಿಜನ್ ಕೊರತೆಯಲ್ಲ, ಮುಖ್ಯವಾಗಿ ಈ ಇಂಗಾಲದ ಡೈಆಕ್ಸೈಡೇ. ಅಂದರೆ ಹುಡುಗ ಹೆಚ್ಚು ಗಾಳಿ ತುಂಬಿಕೊಂಡಿಲ್ಲ, ಗಂಟೆಯನ್ನು ಬಿಚ್ಚಿಟ್ಟು ನೀರಿಗಿಳಿದಿದ್ದಾನೆ. ಸಂಕಟವೇ ಆಗದೆ, ಯಾವ ಸೂಚನೆಯೂ ಇಲ್ಲದೆ, ದೀಪ ಆರಿದಂತೆ ಪ್ರಜ್ಞೆ ತಪ್ಪುತ್ತದೆ. ನೀರೊಳಗೆ ಪ್ರಜ್ಞೆ ತಪ್ಪಿದವನು ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಮೇಲೆ ನಿಂತವರು "ಇನ್ನೂ ಮುಳುಗೇ ಇದಾನೆ, ಭೇಷ್" ಎಂದು ಎಣಿಸುತ್ತಾ ಇರುತ್ತಾರೆ.

ಆಳಕ್ಕೆ ಹೋದವರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಕೆಳಗೆ ಒತ್ತಡ ಹೆಚ್ಚಿರುವುದರಿಂದ ಶ್ವಾಸಕೋಶದಲ್ಲಿ ಉಳಿದ ಸ್ವಲ್ಪ ಆಕ್ಸಿಜನ್ನೂ ರಕ್ತಕ್ಕೆ ಸಾಕಷ್ಟು ಸೇರುತ್ತಿರುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿದಂತೆ ಅದೂ ದಿಢೀರನೆ ಕುಸಿಯುತ್ತದೆ. ಹೀಗಾಗಿ ಪ್ರಜ್ಞೆ ತಪ್ಪುವುದು ತಳದಲ್ಲಲ್ಲ, ಬಹುತೇಕ ಮೇಲಿನ ಕೊನೆಯ ಕೆಲವು ಅಡಿಗಳಲ್ಲಿ. ಕೆಲವೊಮ್ಮೆ ತಲೆ ನೀರಿನಿಂದ ಹೊರಗೆ ಬಂದು, ನಗು ಮುಖ ತೋರಿಸಿದ ಮೇಲೂ ಮತ್ತೆ ಒಳಗೆ ಜಾರುತ್ತಾರೆ. ಒಳ್ಳೆಯ ಈಜುಗಾರನಿಗೆ ಇದು ಬರುವುದಿಲ್ಲ ಎಂದಿಲ್ಲ. ಹೆಚ್ಚು ಹೊತ್ತು ಮುಳುಗಬಲ್ಲವನಿಗೇ ಅಪಾಯ ಜಾಸ್ತಿ.

ಅದಕ್ಕೇ ತರಬೇತಿ ಪಡೆದ ಫ್ರೀಡೈವರ್‌ಗಳು ಒಬ್ಬರೇ ಎಂದೂ ಮುಳುಗುವುದಿಲ್ಲ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ ಕಣ್ಣಿಟ್ಟಿರಬೇಕು, ಬಂದ ಮೇಲೂ ಅರ್ಧ ನಿಮಿಷ ಅವನ ಮುಖವನ್ನೇ ನೋಡುತ್ತಿರಬೇಕು. ಮುಳುಗುವ ಮೊದಲು ಸಹಜ ಉಸಿರು ಮಾತ್ರ. ಪ್ರತಿ ಮುಳುಗಿನ ನಡುವೆ ನೀರೊಳಗೆ ಇದ್ದ ಹೊತ್ತಿಗಿಂತ ದುಪ್ಪಟ್ಟಾದರೂ ವಿಶ್ರಾಂತಿ. ಇದಿಷ್ಟು ಗೊತ್ತಿಲ್ಲದವರು ಪಂದ್ಯ ಕಟ್ಟಬಾರದು, ಅದು ಕಡಲೇ ಆಗಲಿ, ಹೊಲದ ಬಾವಿಯೇ ಆಗಲಿ.

ಯಾರಾದರೂ ಹಾಗೆ ಮುಳುಗಿದರೆ? ಮೇಲೆತ್ತಿ ತಂದ ಕೂಡಲೇ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಎರಡೂ ತಪ್ಪು, ಅಮೂಲ್ಯ ನಿಮಿಷಗಳು ಅದರಲ್ಲೇ ಹೋಗುತ್ತವೆ. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ ಎದೆಯ ನಡುಭಾಗವನ್ನು ಜೋರಾಗಿ, ವೇಗವಾಗಿ ಒತ್ತಲು ಶುರು ಮಾಡಬೇಕು: 30 ಸಲ ಒತ್ತುವುದು, ಎರಡು ಸಲ ಊದುವುದು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಎಚ್ಚರವಾದರೂ ಆಸ್ಪತ್ರೆಗೆ ತೋರಿಸದೆ ಮನೆಗೆ ಕರೆದೊಯ್ಯಬಾರದು.

ಡೈವ್ ಮುಗಿಸಿ ಅದೇ ದಿನ ಘಾಟಿ ಹತ್ತಬೇಡಿ

ಇದು ಕರಾವಳಿಯವರಿಗೆ ಬೇಕಿಲ್ಲದ, ಬಯಲುಸೀಮೆ-ಮಲೆನಾಡಿನವರಿಗೆ ಮಾತ್ರ ಬೇಕಾದ ಮಾತು. ಸ್ಕೂಬಾ ಮಾಡುವಾಗ ಒತ್ತಡದ ಗಾಳಿ ಉಸಿರಾಡುವುದರಿಂದ ಅದರಲ್ಲಿರುವ ಸಾರಜನಕ ಹೆಚ್ಚಾಗಿ ಮೈಗೆ ಸೇರಿರುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರಲ್ಲಿ ಎತ್ತರದ ಜಾಗಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ, ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಅದು ಗುಳ್ಳೆಯಾಗುವ ಸಂಭವವಿದೆ. ಕೀಲು ನೋವಿನಿಂದ ಹಿಡಿದು ಕೈಕಾಲು ಜೋಮಿನವರೆಗೆ ತೊಂದರೆ ಆಗಬಹುದು. ಡೈವ್ ಮಾಡಿದ ದಿನ ವಿಮಾನ ಹತ್ತಬೇಡಿ ಎನ್ನುವುದು ಇದಕ್ಕೇ.

ವಿಮಾನ ಬಿಡಿ, ಕಡೂರಿಗೆ ಬಂದರೂ ಅದೇ ಲೆಕ್ಕ. ಡೈವಿಂಗ್ ಸುರಕ್ಷತೆಯ ಸಾಮಾನ್ಯ ಸಲಹೆಯಲ್ಲಿ 2,000 ಅಡಿಗಿಂತ ಎತ್ತರವನ್ನು ವಿಮಾನ ಪ್ರಯಾಣದಂತೆಯೇ ಪರಿಗಣಿಸುತ್ತಾರೆ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್, ಅಂದರೆ 2,500 ಅಡಿ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿಯಂತೂ 1,400 ಮೀಟರ್ ದಾಟಿದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ 18 ಗಂಟೆ ಕಳೆದ ಮೇಲೆ ಎತ್ತರಕ್ಕೆ ಹೋಗಬೇಕು ಎಂಬುದು ಆ ಸಲಹೆ. ಕಡಿಮೆ ಆಳದಲ್ಲಿ ಅರ್ಧ ಗಂಟೆ ಇದ್ದು ಬಂದವರಿಗೆ ಅಪಾಯ ಕಮ್ಮಿಯೇ. ಆದರೂ ಬೆಳಿಗ್ಗೆ ಡೈವ್, ಮಧ್ಯಾಹ್ನ ಊಟ, ರಾತ್ರಿಯೊಳಗೆ ಊರು ಎಂದು ಟಿ.ಟಿ. ಮಾಡಿಕೊಂಡು ಹೋಗುವವರು ಆ ರಾತ್ರಿ ಮುರುಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿಯುವುದು ಜಾಣತನ. ಡ್ರೈವರಿಗೂ ನಿದ್ದೆ ಆಗುತ್ತದೆ. ಸ್ನಾರ್ಕ್ಲಿಂಗ್ ಮಾತ್ರ ಮಾಡಿದವರಿಗೆ ಈ ಕಟ್ಟುಪಾಡಿಲ್ಲ.

ದ್ವೀಪ ಯಾರದ್ದು?

ನೇತ್ರಾಣಿಯಲ್ಲಿ ಜನವಸತಿ ಇಲ್ಲ. ಪಾರಿವಾಳ ಹೆಚ್ಚಿರುವುದರಿಂದ ಬ್ರಿಟಿಷರು 'ಪಿಜನ್ ಐಲ್ಯಾಂಡ್' ಎಂದರು. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ಮೀನುಗಾರರು ಹರಕೆಗೆಂದು ಬಿಟ್ಟ ಆಡುಗಳು ಕಾಡಾಡಾಗಿ ಬೆಳೆದಿವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದರಿಂದ ಮದ್ದುಗುಂಡಿನ ಅವಶೇಷಗಳೂ ಅಲ್ಲಿವೆ. ಪ್ರವಾಸಿಗರು ದ್ವೀಪದ ಮೇಲೆ ಕಾಲಿಡುವಂತಿಲ್ಲ; ದೋಣಿ ನಿಲ್ಲುವುದು ಸುತ್ತಲಿನ ನೀರಿನಲ್ಲಿ ಮಾತ್ರ. "ಸ್ವಲ್ಪ ಹತ್ತಿಸಿ ಸಾರ್, ಒಂದು ಫೋಟೋ" ಎಂದು ದೋಣಿಯವರನ್ನು ಪೀಡಿಸುವುದರಲ್ಲಿ ಅರ್ಥವಿಲ್ಲ.

ನೋಡಬೇಕಾದ್ದು ಇರುವುದೂ ನೀರೊಳಗೇ. ಬಂಡೆಗಳ ಮೇಲೆ ಹವಳ ಬೆಳೆದಿದೆ. ಅದರ ಸುತ್ತ 80ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಗಿಳಿಮೀನು, ಚಿಟ್ಟೆಮೀನು, ಬಂಡೆ ಸಂದಿಯಿಂದ ತಲೆ ಹಾಕುವ ಮೊರೆ ಹಾವುಮೀನು, ಆಗೊಮ್ಮೆ ಈಗೊಮ್ಮೆ ಕಡಲಾಮೆ. ಹವಳ ಕಲ್ಲಿನಂತೆ ಕಂಡರೂ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಸೇರಿ ಕಟ್ಟಿದ ಮನೆ. ಅನೇಕ ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಾಲಿಗೆ ಕಟ್ಟಿದ ಫಿನ್ ಒಮ್ಮೆ ಬಡಿದರೆ ಹತ್ತು-ಹದಿನೈದು ವರ್ಷದ ಬೆಳವಣಿಗೆ ಮುರಿದು ಬೀಳುತ್ತದೆ. ಅದರ ಮೇಲೆ ನಿಲ್ಲಬಾರದು, ಮುಟ್ಟಬಾರದು, ಮೀನಿಗೆ ಬ್ರೆಡ್ಡು-ಬಿಸ್ಕತ್ತು ಹಾಕಬಾರದು. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಟೀ ಶರ್ಟ್ ಹಾಕಿಕೊಂಡರೆ ಮೈಗೂ ಹವಳಕ್ಕೂ ಒಳ್ಳೆಯದು.

ಹೊನ್ನಾವರ ತಾಲೂಕಿನ ಅಪ್ಸರಕೊಂಡ-ಮುಗಳಿ ಈಗಾಗಲೇ ರಾಜ್ಯದ ಮೊದಲ ಕಡಲ ವನ್ಯಧಾಮವಾಗಿದೆ. ನೇತ್ರಾಣಿಗೂ ರಕ್ಷಿತ ಪ್ರದೇಶದ ಸ್ಥಾನ ಕೊಡಬೇಕೆಂಬ ಪ್ರಸ್ತಾಪ ವರ್ಷಗಳಿಂದ ಇದೆ. ಅದೇನೇ ಇರಲಿ, ಹವಳಕ್ಕೆ ದೇಶದಲ್ಲೆಲ್ಲ ಕಾನೂನಿನ ರಕ್ಷಣೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಬಂಡೆ ಹವಳ, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲ ಕುದುರೆಗಳೂ ಸೇರಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

ಅಂಗಡಿಯವರು ಗಮನಿಸಬೇಕಾದ್ದು ಇಲ್ಲಿದೆ. ಪೂಜಾ ಸಾಮಗ್ರಿ, ವಾಸ್ತು ಸಾಮಾನಿನ ವ್ಯಾಪಾರದಲ್ಲಿ 'ಇಂದ್ರಜಾಲ' ಎಂಬ ವಸ್ತು ಓಡಾಡುತ್ತದೆ. ಕಪ್ಪಗೆ, ಬಲೆಯಂತೆ ಹರಡಿರುವ ಇದನ್ನು ಗಾಜಿನ ಫ್ರೇಮಿನಲ್ಲಿಟ್ಟು, ದೃಷ್ಟಿ ತಾಗಲ್ಲ, ವ್ಯಾಪಾರ ಕೂಡಿಬರುತ್ತದೆ ಎಂದು ಮಾರುತ್ತಾರೆ. ಗಿಡದ ಬೇರು ಎಂದು ಹೇಳುತ್ತಾರೆ. ಅದು ಬೇರಲ್ಲ, ಒಣಗಿದ ಕಡಲ ಬೀಸಣಿಗೆ, ಅಂದರೆ ಹವಳದ ಬಳಗದ ಪ್ರಾಣಿ. ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಅಕ್ವೇರಿಯಂ ಅಲಂಕಾರಕ್ಕೆ ಬರುವ ನಿಜವಾದ ಹವಳದ ತುಂಡು, ಒಣಗಿಸಿದ ಕಡಲ ಕುದುರೆಗೂ ಇದೇ ನಿಯಮ. ಕೆಲವು ಜಾತಿಯ ದೊಡ್ಡ ಶಂಖ-ಚಿಪ್ಪುಗಳೂ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಬಿಲ್ ಇಲ್ಲದೆ ತಂದು ಷೋಕೇಸಿನಲ್ಲಿ ಇಡದಿರುವುದು ಕ್ಷೇಮ. ಚಿನ್ನದಂಗಡಿಯಲ್ಲಿ ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಜಾತಿ, ಮೆಡಿಟರೇನಿಯನ್ ಕಡೆಯಿಂದ ಬರುವಂಥದ್ದು. ಅದನ್ನು ಇದರ ಜೊತೆ ಸೇರಿಸಿ ಗಾಬರಿಯಾಗಬೇಕಿಲ್ಲ.

ಯಾವಾಗ, ಹೇಗೆ

ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ ಸೀಸನ್, ನೀರು ತಿಳಿಯಾಗಿರುವುದು ಡಿಸೆಂಬರ್‌ನಿಂದ ಫೆಬ್ರವರಿ ಸುಮಾರಿಗೆ. ಕಡೂರಿನಿಂದ ಮುರುಡೇಶ್ವರಕ್ಕೆ ಇನ್ನೂರೈವತ್ತು ಕಿ.ಮೀ. ಆಸುಪಾಸು. ರೈಲಿನಲ್ಲಾದರೆ ಮೈಸೂರು-ತಾಳಗುಪ್ಪ ಗಾಡಿ ಕಡೂರು, ಬೀರೂರು, ತರೀಕೆರೆ ಮೇಲೇ ಹೋಗುತ್ತದೆ. ಅಜ್ಜಂಪುರದವರು ಬೀರೂರಿಗೆ ಬಂದು ಹತ್ತಬೇಕು. ತಾಳಗುಪ್ಪದಲ್ಲಿ ಇಳಿದು ಬಸ್ಸಿನಲ್ಲಿ ಹೊನ್ನಾವರ.

ದುಡ್ಡು ಕಟ್ಟುವ ಮುನ್ನ ಕೆಲವು ಪ್ರಶ್ನೆ ಕೇಳಲೇಬೇಕು. ಒಬ್ಬ ಗೈಡ್‌ಗೆ ಎಷ್ಟು ಜನ? ಅವರಿಗೆ ಪ್ರಮಾಣಪತ್ರ ಇದೆಯೇ? ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ? ಹವಾಮಾನ ಕೆಟ್ಟು ದೋಣಿ ಹೋಗದಿದ್ದರೆ ದುಡ್ಡು ವಾಪಸ್ ಕೊಡುತ್ತಾರೆಯೇ? ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಈಚೆಗೆ ಆದ ಆಪರೇಷನ್, ಗರ್ಭಿಣಿ ಎಂಬುದನ್ನು ಫಾರಂನಲ್ಲಿ ಮುಚ್ಚಿಡಬಾರದು. ಇನ್ನು ಬೆಳಿಗ್ಗೆ ಬೋಂಡ-ಬಜ್ಜಿ ಹೊಡೆದು ದೋಣಿ ಹತ್ತಿದರೆ ಅರ್ಧ ದಾರಿಯಲ್ಲೇ ಮೀನಿಗೆ ಊಟ ಹಾಕಿದಂತಾಗುತ್ತದೆ. ಇಡ್ಲಿ-ಬಾಳೆಹಣ್ಣಿನಂಥ ಹಗುರ ತಿಂಡಿ ಸಾಕು. ಹಿಂದಿನ ರಾತ್ರಿಯ ಪಾರ್ಟಿ ಇದ್ದರೆ ಡೈವ್ ಬೇಡ.

ಕಾಪಾಡಿಕೊಂಡ ದ್ವೀಪ ನೋಡಲು ಅಷ್ಟು ದೂರ ಹೋಗಲು ಆಗದವರಿಗೆ ತರೀಕೆರೆ ತಾಲೂಕಿನಲ್ಲೇ ಒಂದು ದಾರಿ ಇದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಂತೆ ನಡುಗಡ್ಡೆಗಳು ಮೇಲೇಳುತ್ತವೆ. ಆ ಬರಿ ನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ನೀರು ಅದು. ಮೊಸಳೆಗಳೂ ಇವೆ, ಇಳಿದು ಈಜುವಂತಿಲ್ಲ, ನಡುಗಡ್ಡೆ ಹತ್ತುವಂತಿಲ್ಲ. ದೋಣಿಯಲ್ಲಿ ಕುಳಿತು ದೂರದಿಂದ ನೋಡಬೇಕು. ಹತ್ತಿರ ಹೋದರೆ ತಾಯಿಹಕ್ಕಿ ಎದ್ದು ಹಾರುತ್ತದೆ, ಬಿಸಿಲಿಗೆ ಬಿದ್ದ ಮೊಟ್ಟೆ ಅಷ್ಟರಲ್ಲೇ ಕೆಡಬಹುದು.